ಕೊರ್ಡೊಬಾ ಮತ್ತು ಕಲಬುರಗಿ: ಹೋಲಿಕೆ ಎಷ್ಟು ನಿಜ?

ಕಲಬುರಗಿ ಕೋಟೆಯ ಜಾಮಿ ಮಸೀದಿಗೆ ಹೋದವರ ಕಿವಿಗೆ ಒಂದು ಮಾತು ತಪ್ಪದೆ ಬೀಳುತ್ತದೆ: 'ಇದು ಸ್ಪೇನ್ ದೇಶದ ಕೊರ್ಡೊಬಾ ಮಸೀದಿಯ ಮಾದರಿ.' ಊರಿನವರಿಗೆ ಇದು ಹೆಮ್ಮೆಯ ಮಾತೇ. ಆದರೆ ಎಷ್ಟು ಸರಿ?

ಮೊದಲು ಸ್ಪೇನಿನ ಕಡೆ ನೋಡಿ. ಪೋರ್ಚುಗಲ್ ಜತೆ ಸೇರಿ ಅದೊಂದು ಪರ್ಯಾಯ ದ್ವೀಪ. ಉತ್ತರಕ್ಕೆ ಪಿರೆನೀಸ್ ಪರ್ವತ. ನಡುವೆ ದಖ್ಖನ್ನಿನಂಥದೇ ಪ್ರಸ್ಥಭೂಮಿ. ದಕ್ಷಿಣದ ಗ್ವಾದಲ್‌ಕಿವಿರ್ ನದಿಯ ಹೆಸರು ಅರಬ್ಬಿಯ 'ವಾದಿ ಅಲ್ ಕಬೀರ್', ಎಂದರೆ ದೊಡ್ಡ ಹೊಳೆ. 711ರಲ್ಲಿ ಉತ್ತರ ಆಫ್ರಿಕದಿಂದ ಬಂದ ಮುಸ್ಲಿಮರ ಆಳ್ವಿಕೆ ಬಿಟ್ಟುಹೋದ ಗುರುತು ಅದು. ಆ ಹೊಳೆಯ ದಂಡೆಯ ಕೊರ್ಡೊಬಾದಲ್ಲಿ 8ನೆಯ ಶತಮಾನದ ಕೊನೆಗೆ ಆರಂಭವಾದ ಮಸೀದಿ ಎರಡು ಶತಮಾನ ಬೆಳೆಯುತ್ತಲೇ ಹೋಯಿತು. 1236ರಲ್ಲಿ ದೊರೆ ಮೂರನೆಯ ಫರ್ನಾಂಡೊ ಊರನ್ನು ಗೆದ್ದಾಗ ಅದು ಇಗರ್ಜಿಯಾಯಿತು.

ಕಲಬುರಗಿ ಮಸೀದಿಯ ಶಾಸನ 1367ರದು. ಅದರಲ್ಲಿರುವುದು ಇರಾನಿನ ಕಜ್ವೀನ್ ಊರಿನ ರಫಿ ಎಂಬವನ ಹೆಸರು, ಸ್ಪೇನಿನವನದಲ್ಲ. ಅಷ್ಟರಲ್ಲಿ ಕೊರ್ಡೊಬಾದ ಕಟ್ಟಡ ಇಗರ್ಜಿಯಾಗಿ 131 ವರ್ಷ ಕಳೆದಿತ್ತು.

ರಚನೆಯೂ ಬೇರೆ. ಕೊರ್ಡೊಬಾದಲ್ಲಿ ಕಿತ್ತಳೆ ಮರಗಳ ತೆರೆದ ಅಂಗಳವುಂಟು. ಒಳಗೆ ನೂರಾರು ತೆಳು ಕಂಬಗಳು, ಅವುಗಳ ಮೇಲೆ ಒಂದರ ಮೇಲೊಂದು ಕೆಂಪು-ಬಿಳಿ ಕಮಾನುಗಳು. ಕಲಬುರಗಿಯಲ್ಲಿ ಅಂಗಳವೇ ಇಲ್ಲ. ಇಡೀ ಕಟ್ಟಡಕ್ಕೆ ಸಾಲು ಗುಮ್ಮಟಗಳ ಸೂರು. ದಪ್ಪ ಚೌಕ ಕಂಬಗಳು. ಪಕ್ಕದ ಮೊಗಸಾಲೆಗಳಲ್ಲಿ ಕುಳ್ಳಾದ, ಬಲು ಅಗಲವಾದ ಕಮಾನುಗಳು. ಕಮಾನಿನ ಹಿಂದೆ ಕಮಾನು ಕಾಣುವ ನೋಟವೊಂದೇ ಎರಡಕ್ಕೂ ಸಮಾನ.

ಹಾಗಾದರೆ ಸ್ಪೇನಿಗೂ ಈ ಸೀಮೆಗೂ ನಂಟೇ ಇಲ್ಲವೆ? ಉಂಟು, ಅದನ್ನು ಕಲ್ಲಿನಲ್ಲಿ ಹುಡುಕಬಾರದು, ಅಡುಗೆಮನೆಯಲ್ಲಿ ಹುಡುಕಬೇಕು. ಸ್ಪ್ಯಾನಿಷರ 'ಅಸೂಕರ್' ಮತ್ತು ಕನ್ನಡದ 'ಸಕ್ಕರೆ' ಎರಡರ ಬೇರೂ ಸಂಸ್ಕೃತದ 'ಶರ್ಕರಾ'; ಅವರಿಗೆ ಅದು ಅರಬ್ಬಿಯ ಮೂಲಕ ಹೋಯಿತು. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಗುರುತಿನ ಮನ್ನಣೆಯಿದೆ. ಏಷ್ಯದ ಈ ಬಾಳೆಯ ಕುಲವನ್ನು ಅರಬ್ಬರು ಪಶ್ಚಿಮಕ್ಕೆ ಹಬ್ಬಿಸಿದರು. 1516ರಲ್ಲಿ ಸ್ಪೇನಿನ ಪಾದ್ರಿ ತೊಮಾಸ್ ದೆ ಬೆರ್ಲಾಂಗಾ ಅದನ್ನು ಕೆನರಿ ದ್ವೀಪಗಳಿಂದ ಅಮೆರಿಕದ ಕಡೆಗೆ ಒಯ್ದನೆಂದು ಪ್ರತೀತಿ. ಅಮೆರಿಕದ ಮೆಣಸಿನಕಾಯಿ, ಶೇಂಗಾ ಸ್ಪೇನ್-ಪೋರ್ಚುಗಲ್ಲಿನ ಹಡಗುಗಳು ತೆರೆದ ದಾರಿಯಲ್ಲಿ ಇತ್ತ ಬಂದವು. ಇಂದು ಜೋಳದ ರೊಟ್ಟಿಯ ಪಕ್ಕದಲ್ಲಿ ಶೇಂಗಾ ಹಿಂಡಿ ಇಲ್ಲದ ಊಟ ಕಲಬುರಗಿಗೆ ಸಪ್ಪೆ.

ಅಂಗಳವಿಲ್ಲದ ಇಷ್ಟು ದೊಡ್ಡ ಮಸೀದಿ ಭಾರತದಲ್ಲೇ ಅಪರೂಪ. ನಕಲು ಎಂದು ಹೊಗಳಿದರೆ ಆ ಹೊಸತನವನ್ನು ಕಟ್ಟಿದವರ ಕೈಯಿಂದ ಕಸಿದಂತೆ. ಕಲಬುರಗಿಯ ಮಸೀದಿಗೆ ಎರವಲು ಹೆಸರು ಬೇಕಿಲ್ಲ.