ತಗಡಿನ ಮಡಿಕೆಯೂ ವಿಮಾನದ ಬಲವೂ
(ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಗಿರಣಿಯಲ್ಲಿ ಲೆಕ್ಕ ಬರೆಯುವವರಿಗೆ ವಿಮಾನದ ಮಾತೇಕೆ ಎಂದು ತಾವು ನಗಬಹುದು. ನಮ್ಮ ಓದು ಮೆಟ್ರಿಕ್ಕಿಗೆ ಮುಗಿಯಿತು. ಆದರೆ ಈ ಕೂಟಕ್ಕೆ ಬರುವವರಲ್ಲಿ ಫಿಟ್ಟರುಗಳಿದ್ದಾರೆ, ತಗಡಿನ ಕೆಲಸದವರಿದ್ದಾರೆ. ಮನೆಯಲ್ಲೇ ಕಟ್ಟುವ ಸಣ್ಣ ವಿಮಾನದ ವಿಷಯ ತಿಳಿಸಿರೆಂದು ಕೇಳಿದವರು ಅವರೇ. ನಾವು ಓದಿ ತಿಳಿದುದನ್ನೂ, ಕೈಯಾರೆ ಮಾಡಿ ಕೆಡಿಸಿದುದನ್ನೂ ತಮ್ಮ ಮುಂದಿಡುತ್ತೇವೆ.

ಇದು ಬರಿಯ ಕನಸಿನ ಮಾತಲ್ಲ. ಅಮೆರಿಕದ ಇಂಜಿನಿಯರ್ ಜಾನ್ ಥಾರ್ಪ್ ರಚಿಸಿದ ಟಿ-18 ಎಂಬ ಇಬ್ಬರು ಕೂರುವ ವಿಮಾನ 1964ರಲ್ಲಿ ಮೊದಲು ಹಾರಿತು. ಮೈಯೆಲ್ಲ ಅಲ್ಯೂಮಿನಿಯಂ ತಗಡು. ದೊಡ್ಡ ಯಂತ್ರಗಳಿಲ್ಲದವರೂ ಕಟ್ಟಲೆಂದು ಅವರು ಆದಷ್ಟೂ ನೇರವಾದ ಮಡಿಕೆಗಳನ್ನೇ ಇಟ್ಟರು. 1976ರಲ್ಲಿ ಡಾನ್ ಟೇಲರ್ ಎಂಬವರು ತಾವೇ ಕಟ್ಟಿದ ಟಿ-18ರಲ್ಲಿ ಭೂಪ್ರದಕ್ಷಿಣೆ ಮಾಡಿ ಬಂದರು. ನಮ್ಮ ಮುಂಬಯಿಯಲ್ಲೂ ಕ್ಯಾಪ್ಟನ್ ಅಮೋಲ್ ಯಾದವ್ ಕಾಂದಿವಲಿಯ ಮನೆಯ ತಾರಸಿಯ ಮೇಲೆ ಆರು ಆಸನದ ವಿಮಾನ ಕಟ್ಟಿದರು. 2016ರಲ್ಲಿ ಅದು ಇಲ್ಲಿನ ಪ್ರದರ್ಶನಕ್ಕೆ ಬಂದಿತ್ತು.

ಅಷ್ಟು ತೆಳುವಾದ ತಗಡು ಮನುಷ್ಯರನ್ನು ಹೊರುವುದು ಹೇಗೆ? ಜಮಾಖರ್ಚಿನ ಒಂದು ಹಾಳೆಯನ್ನು ಎರಡು ಲೋಟಗಳ ಮೇಲೆ ಅಡ್ಡ ಇಡಿರಿ. ತನ್ನ ಭಾರಕ್ಕೇ ಜೋಲುತ್ತದೆ. ಅದನ್ನೇ ಸಾಲಾಗಿ ನೆರಿಗೆ ಮಾಡಿ ಇಟ್ಟರೆ ಮೇಲೊಂದು ಪುಸ್ತಕವನ್ನೂ ಹೊರುತ್ತದೆ. ಕಾಗದ ಅದೇ, ಬಲ ಬಂದದ್ದು ಮಡಿಕೆಯಿಂದ. ವಿಮಾನದಲ್ಲಿಯೂ ಹಾಗೆಯೇ. ರೆಕ್ಕೆಯ ಪಕ್ಕೆಲುಬನ್ನು ಮರದ ಅಚ್ಚಿಗೆ ಬಿಗಿದು, ಕೊಡತಿಯಿಂದ ಅಂಚನ್ನು ಮೆಲ್ಲಗೆ ಬಡಿದು ಮಡಿಸುತ್ತಾರೆ. ಬಡಿದ ಅಂಚು ಸ್ವಲ್ಪ ಹಿಂದಕ್ಕೆ ಚಿಮ್ಮುವುದರಿಂದ ಅಚ್ಚಿನ ಬದಿಯನ್ನು ಮೂರು-ನಾಲ್ಕು ಡಿಗ್ರಿ ಒಳಕ್ಕೆ ಕೆತ್ತಿರುತ್ತಾರೆ. ಉಬ್ಬಿದ ಅಂಚಿನಲ್ಲಿ ತಗಡು ಹೆಚ್ಚಾಗಿ ಸುಕ್ಕುಗಟ್ಟುತ್ತದೆ. ಆ ಹೆಚ್ಚಳವನ್ನು ಸೀರೆಯ ನೆರಿಗೆಯಂತೆ ಅಲ್ಲಲ್ಲಿ ಇಕ್ಕುಳದಿಂದ ಹಿಡಿದು ಅಡಗಿಸುತ್ತಾರೆ. ಆಮೇಲೆ ಹೊದಿಕೆಯನ್ನು ರಿವೆಟ್ಟಿನಿಂದ ಕೂಡಿಸಿದರೆ, ಹೊದಿಕೆಯೂ ಭಾರ ಹೊರುತ್ತದೆ.

ಕಳೆದ ತಿಂಗಳು ಸ್ವಯಂಸೇವಕರಾದ ನಾವು ಮೂವರು ಇಂಥ ತಗಡಿನ ತುಂಡೊಂದನ್ನು ತಂದೆವು. 2024-ಟಿ3 ಎಂಬ ಮಿಶ್ರಲೋಹ, 0.8 ಮಿ.ಮೀ. ದಪ್ಪ. ವೈಸಿನ ಚೂಪು ಅಂಚಿಗೆ ಹಿಡಿದು ಬಡಿದೆವು. ಮಡಿಕೆ ಚೆಲುವಾಗಿಯೇ ಬಂತು. ಭೂತಗನ್ನಡಿಯಲ್ಲಿ ನೋಡಿದರೆ ಕೂದಲಿನಂಥ ಬಿರುಕು! ಅದು ಈಗ ಮೇಜಿನ ಮೇಲಿದೆ. ದಯಮಾಡಿ ಕೈಗೆತ್ತಿಕೊಂಡು ನೋಡಿರಿ. ನಮ್ಮ ತಪ್ಪು ಎರಡು. ಇಂಥ ತಗಡಿನ ಮಡಿಕೆಗೆ ಒಳಗೆ ಸುಮಾರು 3 ಮಿ.ಮೀ. ತ್ರಿಜ್ಯದ ದುಂಡು ಬೇಕು, ನಾವು ಕೊಡಲಿಲ್ಲ. ಬಟ್ಟೆಗೆ ಹಾಸು ಹೊಕ್ಕು ಇರುವಂತೆ, ಉರುಳೆಗಳಲ್ಲಿ ಎಳೆದ ತಗಡಿಗೂ ಎಳೆಯ ದಿಕ್ಕಿದೆ. ಮಡಿಕೆ ಅದಕ್ಕೆ ಅಡ್ಡವಾಗಿರುವುದು ಲೇಸು. ನಾವು ಎಳೆಯ ಉದ್ದಕ್ಕೇ ಮಡಿಸಿದೆವು. ಟ್ರಂಕಿನಲ್ಲಿ ಇಂಥ ಬಿರುಕಿದ್ದರೆ ಬಟ್ಟೆ ಒದ್ದೆಯಾದೀತು; ರೆಕ್ಕೆಯಲ್ಲಿದ್ದರೆ ಜೀವ ಹೋದೀತು.

ಇನ್ನು ಲೆಕ್ಕ. ಹೊರಗಿನಿಂದ ಅಳೆದಾಗ ಒಂದು ಬದಿ 50, ಇನ್ನೊಂದು 20 ಮಿ.ಮೀ. ಬರಬೇಕೆನ್ನೋಣ. 70 ಕತ್ತರಿಸಿದರೆ ತಪ್ಪಾಯಿತು. ದುಂಡು ಮಡಿಕೆ ಮೂಲೆಯನ್ನು ಮುಟ್ಟದೆ ಬಳಸಿ ಹೋಗುತ್ತದೆ. ತ್ರಿಜ್ಯ 3, ದಪ್ಪ 0.8, ಕೂಡಿದರೆ 3.8. ಎರಡೂ ಬದಿಯಿಂದ ಇದನ್ನು ಕಳೆಯಿರಿ: 46.2 ಮತ್ತು 16.2. ಬಾಗಿದ ಭಾಗದ ಉದ್ದ ಸುಮಾರು 5.3. ಒಟ್ಟು 67.7. ಈ 2.3 ಮಿ.ಮೀ. ಮರೆತರೆ ರಂಧ್ರಕ್ಕೆ ರಂಧ್ರ ಕೂಡುವುದಿಲ್ಲ. ರಿವೆಟ್ಟಿನ ನಡುವು ಅಂಚಿನಿಂದ ಅದರ ವ್ಯಾಸದ ಎರಡರಷ್ಟಾದರೂ ದೂರವಿರಬೇಕೆಂಬ ನಿಯಮವೂ ಕೆಟ್ಟೀತು.

ಕಡೆಯದಾಗಿ, ನಮ್ಮ ಕಿವಿಯ ಮೇಲಿನ ಪೆನ್ಸಿಲ್ಲು ಇಲ್ಲಿ ಕೂಡದು. ಅದರ ಕಪ್ಪು ಮತ್ತು ತೇವ ಸೇರಿ ಅಲ್ಯೂಮಿನಿಯಂ ಅನ್ನು ತಿನ್ನುತ್ತವೆ. ಮಡಿಕೆಯ ಗೆರೆಯನ್ನು ಮೊಳೆಯಿಂದ ಗೀರುವುದೂ ಬೇಡ. ಆ ಗೀರೇ ಬಿರುಕಿನ ತಾಯಿ. ಶಾಯಿಯ ಮಾರ್ಕರು ಸಾಕು. ಕತ್ತರಿಸಿದ ಅಂಚನ್ನು ಅರದಿಂದ ನುಣುಪು ಮಾಡಬೇಕು.

ನಾಳೆಯೇ ಹಾರಿರೆಂದು ನಾವು ಹೇಳುತ್ತಿಲ್ಲ. ಸರಕಾರದ ವಿಮಾನಯಾನ ಇಲಾಖೆಯ ಅನುಮತಿಯಿಲ್ಲದೆ ಹಾರುವಂತಿಲ್ಲ, ಹಾಗಿರುವುದೇ ಸರಿ. ಆದರೆ ಕೊಡತಿ ಹಿಡಿದ ಕೈ ಕಡಿಮೆಯೆಂದೂ, ಮೆಟ್ರಿಕ್ಕಿನ ಗಣಿತ ಕೆಲಸಕ್ಕೆ ಬಾರದೆಂದೂ ಯಾರೂ ತಿಳಿಯದಿರಲಿ. ಬರುವ ರವಿವಾರ ಪಕ್ಕೆಲುಬೊಂದನ್ನು ಮತ್ತೆ ಮಾಡುವವರಿದ್ದೇವೆ. ತಗಡಿನ ಕೆಲಸ ಬಲ್ಲವರು ಬರಬೇಕು. ಲೆಕ್ಕ ನಾವು ಬರೆಯುತ್ತೇವೆ; ಕೈ ತಮ್ಮದಿರಲಿ.