ಎಲೆ ಹಂಚುವ ಕೈ



ನಮ್ಮ ಸೋದರಮಾವನವರು ಒಮ್ಮೆ ಇಸ್ಪೀಟಿನ ಆಟಕ್ಕೆ ಕುಳಿತು ಅತ್ತೆಯವರ ಎರಡು ಚಿನ್ನದ ಬಳೆಗಳನ್ನು ಕಳೆದುಕೊಂಡು ಬಂದರು. “ಅವನು ಮೋಸಗಾರನಾಗಿರಲಾರ ಕಣಯ್ಯಾ, ಎತ್ತಿನ ಹಾಗೆ ನಿಧಾನವಾಗಿ ಎಲೆ ಹಾಕುತ್ತಿದ್ದ” ಎಂಬುದೇ ಅವರ ವಾದ. ಕೈಚಳಕವೆಂದರೆ ಕಣ್ಣನ್ನು ಮೀರಿಸುವ ವೇಗವೆಂದು ಅವರಂತೆಯೇ ನಾವೂ ನಂಬಿದ್ದೆವು. ಆ ನಂಬಿಕೆ ಕಳೆದ ಬಗೆಯನ್ನು ಈ ಸಂಜೆ ತಮ್ಮಲ್ಲಿ ಅರಿಕೆ ಮಾಡಬೇಕೆಂದಿದ್ದೇವೆ.

ಹಂಚಿಕೆಯ ಮೋಸದಲ್ಲಿ ಮುಖ್ಯವಾದ ಬಗೆಗಳು ಎರಡು. ಕಟ್ಟಿನ ಮೇಲಿನ ಎಲೆಯನ್ನು ಉಳಿಸಿಕೊಂಡು ಅದರ ಕೆಳಗಣ ಎರಡನೆಯದನ್ನು ಕೊಡುವುದು ಒಂದು. ಎಲ್ಲಕ್ಕೂ ಅಡಿಯಲ್ಲಿರುವುದನ್ನು ಸೆಳೆದು ಕೊಡುವುದು ಇನ್ನೊಂದು. ಮೊದಲನೆಯದಕ್ಕೆ ಎಡಗೈಯ ಹೆಬ್ಬೆರಳು ಮೇಲಿನ ಎಲೆಯನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಬೇಕು. ಹಾಗೆ ಹೊರಗೆ ಕಂಡ ಎರಡನೆಯ ಎಲೆಯ ಅಂಚನ್ನು ಬಲಗೈ ಹಿಡಿದೆಳೆಯಬೇಕು. ಮಾಡುವುದಿಷ್ಟೆ. ವಿದ್ಯಾರ್ಥಿದೆಶೆಯಲ್ಲಿ ಕನ್ನಡಿಯ ಮುಂದೆ ಕುಳಿತು ಎರಡು ತಿಂಗಳು ಇದನ್ನು ಸಾಧಿಸಿದೆವು. (ಆ ವರ್ಷದ ಪರೀಕ್ಷೆಯ ಫಲವನ್ನು ಇಲ್ಲಿ ಹೇಳುವುದು ಬೇಡ.) ಬಳಿಕ ಮನೆಯವರ ಮುಂದೆ ಪ್ರದರ್ಶನಕ್ಕೆ ಕುಳಿತೆವು. ರಾಜನಾವನು ರಾಣಿಯಾವಳೆಂದೇ ಅರಿಯದ ನಮ್ಮ ಅಜ್ಜಿ ಮೂರನೆಯ ಸುತ್ತಿನಲ್ಲಿ, “ಯಾಕೋ ಮಗು, ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟಿಕೊಂಡೆ?” ಎಂದುಬಿಟ್ಟರು!

ಅಜ್ಜಿ ಎಲೆಯನ್ನು ನೋಡಿರಲಿಲ್ಲ, ಮೊಮ್ಮಗನನ್ನು ನೋಡಿದ್ದರು. ನೇರಾಗಿ ಹಂಚುವಾಗ ನಾವು ಹರಟುತ್ತಿದ್ದೆವು. ಕಟ್ಟು ಅಂಗೈಯಲ್ಲಿ ಸಡಿಲವಾಗಿ ಕುಳಿತಿರುತ್ತಿತ್ತು. ಮೋಸದ ಎಲೆಯ ಸರದಿ ಬಂದೊಡನೆ ಮಾತು ನಿಂತು, ಬೆರಳು ಬಿಗಿದು, ಕಣ್ಣು ಕಟ್ಟಿನ ಮೇಲೆ ಇಳಿಯುತ್ತಿತ್ತು. ಸದ್ದೂ ಬೇರೆಯೇ, ನಡುವಿನಿಂದ ಉಜ್ಜಿಕೊಂಡು ಬರುವ ಎಲೆ ಮೇಲಿನ ಎಲೆಯಂತೆ ಮೆಲ್ಲನೆ ಬರುವುದಿಲ್ಲ.

1902ರಲ್ಲಿ ಷಿಕಾಗೋ ನಗರದಲ್ಲಿ ಎಸ್. ಡಬ್ಲ್ಯು. ಅರ್ಡ್‌ನೇಸ್ ಎಂಬ ಹೆಸರಿನಿಂದ ಈ ವಿದ್ಯೆಯ ಪುಸ್ತಕವೊಂದು ಹೊರಟಿತು. ಆತನ ನಿಜನಾಮವಾವುದೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಕಸುಬಿಗೆ ತಕ್ಕುದೇ ಸರಿ. ಕೈಯ ಚಲನೆ ಏಕರೂಪವಾಗಿರಬೇಕೆಂದು ಅವನು ಒತ್ತಿ ಹೇಳುತ್ತಾನೆ. ಅದರ ಅರ್ಥ ನಮಗೆ ಹೊಳೆಯಲು ಬಹುಕಾಲ ಹಿಡಿಯಿತು. ಸುಳ್ಳನ್ನು ನಿಜದಂತೆ ಮಾಡಲು ನಾವು ಹೆಣಗುತ್ತಿದ್ದೆವು, ತಿದ್ದಬೇಕಾಗಿದ್ದುದು ನಿಜವನ್ನು. ನೇರಾದ ಹಂಚಿಕೆಯನ್ನೇ ಹೊಸದಾಗಿ ಕಲಿಯಬೇಕು. ಮೋಸಕ್ಕೆ ಬೇಕಾದ ಹಿಡಿತ, ಅದಕ್ಕೆ ಒಗ್ಗುವ ನಿಧಾನ, ಅದರ ಸದ್ದು, ಇವೆಲ್ಲ ಪ್ರತಿಯೊಂದು ಎಲೆಗೂ ಸಲ್ಲಬೇಕು. ಬಳೆ ಗೆದ್ದವನ ಎತ್ತಿನ ನಡಗೆಯ ಗುಟ್ಟು ಇದೇ.

ಇದಕ್ಕಾಗಿ ಅಲೆದವರುಂಟು. ಎದುರಾಳಿ ಕಟ್ಟನ್ನು ಒಡೆದು ಅಡಿಮೇಲು ಮಾಡಿದರೆ ಅಡಿಯಲ್ಲಿ ಬಚ್ಚಿಟ್ಟ ಎಲೆಗಳು ನಡುವಿಗೆ ಹೋಗುತ್ತವೆಯಷ್ಟೆ. ನಟ್ಟನಡುವಿನಿಂದಲೇ ಎಲೆ ಕೊಡಬಲ್ಲವನೊಬ್ಬನಿರುವನೆಂದು, 1932ರಲ್ಲಿ ಅಮೆರಿಕದ ವಿಚಿಟಾ ನಗರದ ಸೆರೆಮನೆಯಲ್ಲಿದ್ದ ಒಬ್ಬ ಜೂಜುಗಾರ ಡೈ ವರ್ನನ್ ಎಂಬ ಐಂದ್ರಜಾಲಿಕನಿಗೆ ಹೇಳಿದನು. ವರ್ನನ್ ಅವನನ್ನು ಅರಸುತ್ತ ಹೊರಟು, ಮಿಸೌರಿ ಪ್ರಾಂತದ ಪ್ಲೆಸೆಂಟ್ ಹಿಲ್ ಎಂಬ ಸಣ್ಣ ಊರಿನಲ್ಲಿ ಆಲೆನ್ ಕೆನೆಡಿಯನ್ನು ಕಂಡು ಆ ಹಂಚಿಕೆಯನ್ನು ತಿಳಿದುಕೊಂಡನು. ಯಾರ ಕಣ್ಣಿಗೂ ಬೀಳಬಾರದ ಒಂದು ಚಲನೆಗಾಗಿ ಇಷ್ಟು ಶ್ರಮ!

ನಾವು ಮತ್ತೊಂದು ವರ್ಷ ಕಳೆದ ಮೇಲೆ ಮಾವನವರ ಮುಂದೆ ಕುಳಿತೆವು. ಮೇಲಿನ ಎಲೆ ಕಳಾವರ್ ಎಕ್ಕವೆಂದು ತೋರಿಸಿ, ಅಜ್ಜಿಯೊಡನೆ ಅಡುಗೆಯ ಮಾತನಾಡುತ್ತ, ನಿಧಾನವಾಗಿ ಆರು ಎಲೆ ಹಂಚಿದೆವು. ಎಕ್ಕ ಇನ್ನೂ ಮೇಲೆಯೇ ಇತ್ತು. ಅಜ್ಜಿ ಏನೂ ಅನ್ನಲಿಲ್ಲ. ಮಾವನವರು ಇನ್ನೊಮ್ಮೆ ಹಂಚು ಎಂದರು, ಮಗುದೊಮ್ಮೆ ಎಂದರು. ಬಳಿಕ ಎಲೆಗಳನ್ನು ತಾವೇ ಒಟ್ಟುಮಾಡಿ ಪೆಟ್ಟಿಗೆಗೆ ತುಂಬಿ, “ಅವನೂ ಹೀಗೇ ಮಾತನಾಡುತ್ತಿದ್ದ” ಎಂದು ಎದ್ದು ಒಳಗೆ ಹೋದರು.