ಉದಗೀರದ ಕೋಟೆಗೆ ಹೊರಡುವ ಮುನ್ನ

(ಶೈಕ್ಷಣಿಕ ಪ್ರವಾಸದ ಹಿಂದಿನ ದಿನ ಮಾಡಿದ ಭಾಷಣ)



ಕಳೆದ ವಾರ ಐದನೆಯ ಇಯತ್ತೆಯ ಬಾಲಕನೊಬ್ಬನು ನನ್ನನ್ನು ಕೇಳಿದನು: “ಗುರುಗಳೇ, ಉದಗೀರದ ಕೋಟೆ ನಮ್ಮದೋ, ಅವರದೋ?” ಒಡನೆಯೇ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಇಂದು ಕೊಡಲು ಯತ್ನಿಸುತ್ತೇನೆ.

ಹೈದರಾಬಾದ ಸಂಸ್ಥಾನದ ಕಾಲದಲ್ಲಿ ಉದಗೀರ, ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಗೆ ಸೇರಿದ್ದವು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಅವು ಮುಂಬಯಿ ರಾಜ್ಯಕ್ಕೂ, 1960ರಲ್ಲಿ ಮಹಾರಾಷ್ಟ್ರಕ್ಕೂ ಸೇರಿದವು. ಉಸ್ಮಾನಾಬಾದ ಜಿಲ್ಲೆಯಲ್ಲಿದ್ದ ಅವು 1982ರಲ್ಲಿ ಹೊಸದಾಗಿ ಹುಟ್ಟಿದ ಲಾತೂರ ಜಿಲ್ಲೆಯವಾದವು. ಕೋಟೆಯ ವಿಳಾಸ ಇಷ್ಟು ಸಲ ಬದಲಾಯಿತು. ಕೋಟೆ ಮಾತ್ರ ಒಂದು ಗೇಣೂ ಕದಲಲಿಲ್ಲ.

ಈ ಕೋಟೆ ಗುಡ್ಡದ ತುದಿಯಲ್ಲಿ ಕುಳಿತುದಲ್ಲ. ಬಯಲಿನಲ್ಲಿ ಇರುವುದರಿಂದ ಅದಕ್ಕೆ ಆಳವಾದ ಕಂದಕವೇ ಕಾವಲು. ಬಾಗಿಲು ದಾಟುವ ಮೊದಲು ಅಂಚಿನಿಂದ ದೂರ ನಿಂತು ಆ ಕಂದಕವನ್ನು ನೋಡಿರಿ. ಒಳಗೆ ಅರಮನೆಗಳ, ದರ್ಬಾರಿನ ಅವಶೇಷಗಳಿವೆ. ಅರಬ್ಬಿ, ಫಾರಸಿ ಅಕ್ಷರಗಳ ಶಿಲಾಲೇಖಗಳಿವೆ. ಅಲ್ಲಿಯೇ ನೆಲಮಟ್ಟಕ್ಕಿಂತ ಕೆಳಗೆ ಉದಯಗಿರಿ ಎಂಬ ಸಾಧುವಿನ ಸಮಾಧಿಯಿದೆ. ಊರಿಗೆ ಹೆಸರು ಬಂದುದು ಆತನಿಂದಲೇ ಎಂದು ಜನರ ನಂಬುಗೆ. ಸುಲ್ತಾನರು ಕಟ್ಟಿದ ಗೋಡೆಯ ನಡುವೆ ಸಾಧುವಿಗೆ ದೀಪ ಹಚ್ಚುವರು. ನನಗೆ ಆ ಕೋಟೆಯಲ್ಲಿ ಎಲ್ಲಕ್ಕಿಂತ ಮೆಚ್ಚುಗೆಯಾದುದು ಇದೇ.

ಬಹಮನಿಯರ ತರುವಾಯ ಬೀದರದ ಬರೀದರು ಇದನ್ನು ಆಳಿದರು. 1636ರಲ್ಲಿ ಶಹಾಜಹಾನನ ಸೈನ್ಯ ಗೆದ್ದುಕೊಂಡಿತು. 3-2-1760ರಂದು ಉದಗೀರದ ಕಾಳಗದಲ್ಲಿ ಸದಾಶಿವರಾವ್ ಭಾವು ನಿಜಾಮನ ಸೈನ್ಯವನ್ನು ಸೋಲಿಸಿದನು. ಇಬ್ರಾಹಿಂಖಾನ ಗಾರ್ದಿಯ ತೋಪುಗಳು ಅಂದು ಮರಾಠರ ಪಕ್ಷದಲ್ಲಿದ್ದವು. ಒಪ್ಪಂದದಿಂದ ದೌಲತಾಬಾದ, ಅಸೀರಗಢ, ಅಹಮದನಗರ, ಬುರ್ಹಾನಪುರ, ನಮ್ಮ ವಿಜಾಪುರವೂ ಪೇಶ್ವೆಯ ಪಾಲಾದವು. ಈ ಜಯದ ಕೀರ್ತಿಯೇ ಭಾವುವನ್ನು ಉತ್ತರದ ದಂಡಯಾತ್ರೆಗೆ ನಾಯಕನನ್ನಾಗಿ ಮಾಡಿತು. ವರುಷ ತುಂಬುವ ಮುನ್ನವೇ, 14-1-1761ರಂದು, ಆತನು ಪಾಣಿಪತ್ತಿನಲ್ಲಿ ಮಡಿದನು, ಗಾರ್ದಿಯೂ ಹಿಂದಿರುಗಲಿಲ್ಲ.

ಹಿಂದಿರುಗುವಾಗ ನಿಲಂಗೆಯ ನೀಲಕಂಠೇಶ್ವರನ ಗುಡಿಗೆ ಹೋಗುವೆವು. ನಕ್ಷತ್ರದಾಕಾರದ ತಳಹದಿ, ಮೂರು ಗರ್ಭಗುಡಿಗಳು, ಹೊರಗೋಡೆಯ ತುಂಬ ಸುರಸುಂದರಿಯರು. ಈ ಸೀಮೆಯಲ್ಲಿ ಹಳೆಯ ಕಲ್ಲಿನ ಗುಡಿಗಳನ್ನೆಲ್ಲ ಹೇಮಾಡಪಂಥಿ ಎನ್ನುವುದು ವಾಡಿಕೆ. ದೇವಗಿರಿಯ ಯಾದವರ ಮಂತ್ರಿ ಹೇಮಾದ್ರಿಯಿಂದ ಬಂದ ಹೆಸರದು. ಆದರೆ ಆತನಿಗಿಂತ ಹಿಂದಿನ ಗುಡಿಗಳಿಗೂ ಅದನ್ನೇ ಅಂಟಿಸುವುದುಂಟು! ಕಲ್ಯಾಣದ ಚಾಲುಕ್ಯರ ಕಾಲದ ಶೈಲಿ ಈ ನಾಡಿನಲ್ಲೆಲ್ಲ ಹರಡಿತ್ತು. ಆ ಕಲ್ಯಾಣವೇ ಇಂದಿನ ಬಸವಕಲ್ಯಾಣ, ಉಮರಗಾದಿಂದ ಬಹಳ ದೂರವಿಲ್ಲ. ಯಾದವರೂ ಕನ್ನಡದಲ್ಲಿ ಶಾಸನ ಬರೆಯಿಸಿದರು, ಮರಾಠಿಯಲ್ಲಿಯೂ ಬರೆಯಿಸಿದರು.

ಮಗು, ನಿನ್ನ ಪ್ರಶ್ನೆಗೆ ಈಗ ಉತ್ತರ ಹೇಳುತ್ತೇನೆ. ಕೋಟೆ ನಿನ್ನದು, ನಿನ್ನ ನೆರೆಮನೆಯ ಮರಾಠಿ ಗೆಳೆಯನದೂ ಹೌದು. ನಿನ್ನದಾದುದರಿಂದಲೇ ಒಂದು ಮಾತನ್ನು ಬಿಚ್ಚಿ ಹೇಳಬೇಕಾಗಿದೆ. ನಾನು ನಿನ್ನಷ್ಟಿದ್ದಾಗ ಇಂಥದೇ ಒಂದು ಹಳೆಯ ಗೋಡೆಯ ಮೇಲೆ ಮೊಳೆಯಿಂದ ನನ್ನ ಹೆಸರನ್ನು ಕೊರೆದೆನು, ಕನ್ನಡದಲ್ಲಿಯೇ. ಮಿತ್ರರು ಚಪ್ಪಾಳೆ ತಟ್ಟಿದರು. ಎಷ್ಟೋ ವರ್ಷಗಳ ಮೇಲೆ ಹೋಗಿ ನೋಡಿದಾಗ ಹೆಸರು ಹಾಗೆಯೇ ಇತ್ತು. ಅದರ ಕೆಳಗೆ ಹೂಬಳ್ಳಿಯ ಕೆತ್ತನೆಯ ಅರ್ಧ ಮಾತ್ರ ಉಳಿದಿತ್ತು. ಅದನ್ನು ಅಳಿಸಲು ಇಂದಿಗೂ ಸಾಧ್ಯವಾಗಿಲ್ಲ.

ಪಾಲಕರಲ್ಲಿ ವಿನಂತಿ: ನಾಳೆ ಬೆಳಿಗ್ಗೆ ಏಳಕ್ಕೆ ಮಕ್ಕಳನ್ನು ಶಾಲೆಗೆ ಕಳುಹಿಸಿರಿ. ಎರಡು ಹೊತ್ತಿನ ರೊಟ್ಟಿ, ನೀರು, ಒಂದು ವಹಿ, ಒಂದು ಸೀಸದಕಡ್ಡಿ ಕೊಡಿರಿ. ಕೈಚೀಲದಲ್ಲಿ ಮೊಳೆ, ಇದ್ದಿಲು, ಸೀಮೆಸುಣ್ಣ ಇವೆಯೇ ಎಂದು ಒಮ್ಮೆ ನೋಡಿರಿ.